ನೋಯಲಿ ಬಿಡಿ ಎಂದವನು

"ಆ ಸಿರಿಂಜ್ ಕೆಳಗಿಡಿ."

ಬಾಗಿಲ ಕಡೆಯಿಂದ ಬಂದ ದನಿ ಜೋರಾಗೇನೂ ಇರಲಿಲ್ಲ. ಆದರೂ ವಾರ್ಡಿನಲ್ಲಿದ್ದವರೆಲ್ಲರ ಕೈ ಒಂದು ಕ್ಷಣ ನಿಂತಿತು... ಅವಳ ಕೈಯೂ.

ಹಾಸಿಗೆಯ ಮೇಲೆ ಸಂಗೀತದ ಮೇಡಂ ಒಬ್ಬರು ದಿಂಬು ಕಚ್ಚಿಕೊಂಡು ನರಳುತ್ತಿದ್ದರು. ಬೆಳಿಗ್ಗೆಯಷ್ಟೇ ಅವರ ಬೆನ್ನುಮೂಳೆಗೆ ಸರಳು ಕೂರಿಸಿ ತಿರುಪು ಬಿಗಿದಿದ್ದರು. ಅರಿವಳಿಕೆ ಇಳಿದಿತ್ತು, ನೋವು ಏರಿತ್ತು. ಬೆಳಿಗ್ಗೆ ಅರಿವಳಿಕೆ ಕೊಟ್ಟವರು ಬೆನ್ನುಹುರಿಯ ಪಕ್ಕಕ್ಕೆ ಇಳಿಬಿಟ್ಟಿದ್ದ ಕೂದಲೆಳೆಯಂಥ ಕೊಳವೆಯೊಳಗೆ ಮರಗಟ್ಟಿಸುವ ಮದ್ದು ಬಿಟ್ಟರೆ ಆ ಜೀವಕ್ಕೆ ನೆಮ್ಮದಿ. ಅದಕ್ಕೆಂದೇ ಅವಳು ಬಂದಿದ್ದಳು.

ಅವಳು ಆ ಆಸ್ಪತ್ರೆಯ ಅರಿವಳಿಕೆ ವೈದ್ಯೆ. ರೋಗಿಗಳ ಬಾಯಲ್ಲಿ ನಿದ್ದೆ ಡಾಕ್ಟರಮ್ಮ. ಆಪರೇಷನ್ ಹೊತ್ತಿಗೆ ನಿದ್ದೆ ಬರಿಸುವುದು ಅರ್ಧ ಕೆಲಸ, ಎದ್ದ ಮೇಲೆ ನೋವಿಲ್ಲದಂತೆ ನೋಡಿಕೊಳ್ಳುವುದು ಉಳಿದರ್ಧ ಎಂದು ನಂಬಿದವಳು.

ತಿರುಗಿ ನೋಡಿದಳು. ಎತ್ತರದ ಆಳು. ಹಣೆಯ ಮೇಲೆ ಆಪರೇಷನ್ ಟೋಪಿಯ ಗೆರೆ ಇನ್ನೂ ಮಾಸಿರಲಿಲ್ಲ. ಇವನೇ ಇರಬೇಕು, ಹೊಸದಾಗಿ ಬಂದಿರುವ ಬೆನ್ನುಮೂಳೆ ಸರ್ಜನ್. ಬಂದ ವಾರದಲ್ಲೇ ನರ್ಸುಗಳು 'ಗರಗಸ' ಎಂದು ಹೆಸರಿಟ್ಟಿದ್ದರು.

"ಇವರಿಗೆ ತುಂಬಾ ನೋವಿದೆ ಡಾಕ್ಟರ್," ಎಂದಳು, ಆದಷ್ಟು ಮೆತ್ತಗೆ.

"ನೋಯಲಿ ಬಿಡಿ. ಅದನ್ನ ಹಾಕಿದ್ರೆ ಕಾಲು ಮರಗಟ್ಟುತ್ತೆ. ಆಮೇಲೆ ನರಕ್ಕೆ ಏನಾದ್ರೂ ಆದ್ರೆ ನನಗೆ ಗೊತ್ತಾಗಲ್ಲ."

"ನರಕ್ಕೆ ಏನಾಗುತ್ತೋ ಏನೋ... ಮನುಷ್ಯರಿಗೆ ಏನಾಗ್ತಿದೆ ಅಂತ ಕಾಣಿಸ್ತಿದೆಯಲ್ಲ ನಿಮಗೆ?"

ಅವನು ಹಾಸಿಗೆಯ ಬಳಿಗೆ ಬಂದ. ಕೈಗೆ ಗ್ಲೌಸ್ ಏರಿಸಿದ, ರೋಗಿಯನ್ನು ಮೆಲ್ಲಗೆ ಹೊರಳಿಸಿದ, ಆ ಕೊಳವೆಯನ್ನು ತಾನೇ ಹೊರಗೆಳೆದು ಕಸದ ಡಬ್ಬಿಗೆ ಹಾಕಿದ. ಅವಳ ಎದುರಿಗೇ. ನರ್ಸುಗಳ ಎದುರಿಗೆ. ರೋಗಿಯ ಕಡೆಯವರ ಎದುರಿಗೆ.

ಅವಳ ಕೆನ್ನೆಗೆ ಯಾರೋ ಬಾರಿಸಿದಂತಾಯಿತು.

ಮನುಷ್ಯನಾ ಇವನು... ಕಲ್ಲಿಗಾದರೂ ಬಿಸಿಲು ತಾಗುತ್ತದೆ!

ಆ ಮಧ್ಯಾಹ್ನವೇ ಅವಳು ಅರಿವಳಿಕೆ ವಿಭಾಗದ ಮುಖ್ಯಸ್ಥೆಯ ಬಾಗಿಲು ತಟ್ಟಿದಳು. ಮುಖ್ಯಸ್ಥೆಗೆ ನಿವೃತ್ತಿ ಹತ್ತಿರವಿತ್ತು, ಆಸ್ಪತ್ರೆಯವರೆಲ್ಲ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಅವರು ಪೂರ್ತಿ ಕೇಳಿಸಿಕೊಂಡರು. ಅವನೂ ಆಗಲೇ ಬಂದು ಇವಳ ಮೇಲೆ ದೂರು ಹೇಳಿ ಹೋದನೆಂದೂ, ತಮ್ಮ ಹತ್ತಿರ ಇರುವವರೇ ನಾಲ್ಕು ಮತ್ತೊಂದು ಜನವೆಂದೂ, ಹಾಗಾಗಿ ಇಬ್ಬರೂ ಒಂದೇ ಥಿಯೇಟರಿನಲ್ಲಿ ಕೆಲಸ ಮಾಡುವುದನ್ನು ಕಲಿಯಬೇಕೆಂದೂ ಹೇಳಿ ಕನ್ನಡಕ ಒರೆಸಿಕೊಂಡರು. ಮಾತು ಮುಗಿಯಿತು.

ಅಲ್ಲಿಂದ ಶುರುವಾದದ್ದು ಹಾವು ಮುಂಗುಸಿಯ ಸಂಸಾರ.

ಥಿಯೇಟರಿನಲ್ಲಿ ರೋಗಿಯ ತಲೆಯ ಕಡೆ ಅವಳು, ಬೆನ್ನಿನ ಕಡೆ ಅವನು. ನಡುವೆ ಹಸಿರು ಬಟ್ಟೆಯ ಪರದೆ. ನೇರವಾಗಿ ಒಂದು ಮಾತಿಲ್ಲ. ಎಲ್ಲವೂ ಹಿರಿಯ ಸಿಸ್ಟರ್ ಮೂಲಕ.

"ಸಿಸ್ಟರ್, ಮೇಜು ಸ್ವಲ್ಪ ಮೇಲೆ ಬೇಕು ಅಂತ ಹೇಳಿ."

"ಸಿಸ್ಟರ್, ಆಗಲೇ ಕೆಳಗೆ ಬೇಕು ಅಂದಿದ್ದು ಯಾರು ಅಂತ ಕೇಳಿ."

ಇಬ್ಬರ ನಡುವೆ ನಿಂತ ಸಿಸ್ಟರ್, ಈ ವಯಸ್ಸಲ್ಲಿ ನನಗೆ ಅಂಚೆ ಕೆಲಸ ಬೇರೆ ಎಂದು ಗೊಣಗುತ್ತಿದ್ದರು.

ಅವಳು ಹಟ ಬಿಡಲಿಲ್ಲ. ಕೊಳವೆ ಬೇಡವಾದರೆ ಬೇಡ. ಮಾರ್ಫಿನ್ ಒಂದನ್ನೇ ಸುರಿದರೆ ನೋವು ತಗ್ಗುತ್ತದೆ ನಿಜ, ಆದರೆ ರೋಗಿ ಮಂಕಾಗುತ್ತಾನೆ, ವಾಂತಿ ಮಾಡುತ್ತಾನೆ, ಉಸಿರೇ ನಿಧಾನವಾಗುತ್ತದೆ. ಒಂದೇ ಎತ್ತಿನ ಮೇಲೆ ಇಡೀ ಗಾಡಿ ಹೇರುವುದೇಕೆ? ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಮದ್ದುಗಳನ್ನು ಚೂರು ಚೂರು ಬೆರೆಸಿಕೊಟ್ಟರೆ ಯಾವುದರ ಭಾರವೂ ಮೈಮೇಲೆ ಬೀಳುವುದಿಲ್ಲ. ಇದು ಅವಳ ವಾದ. ವಿಭಾಗದ ಸಭೆಯಲ್ಲಿ ಅದನ್ನೇ ಹೇಳಿದಳು. ಅವನು ತೋಳು ಕಟ್ಟಿಕೊಂಡು ಕೇಳಿದ. ಕೊನೆಗೆ, ಇದು ಔಷಧವೋ ಸಿಕ್ಕ ತರಕಾರಿಯೆಲ್ಲ ಬೆರೆಸಿದ ಅವಿಯಲೋ ನನಗೆ ತಿಳಿಯುತ್ತಿಲ್ಲ, ಏನಾದರೂ ಎಡವಟ್ಟಾದರೆ ಯಾವ ಮದ್ದಿನಿಂದ ಎಂದು ಯಾರು ಹುಡುಕುವುದು ಎಂದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಅವಳಿಗೆ ಎಲ್ಲಕ್ಕಿಂತ ಉರಿ ಹತ್ತಿಸುತ್ತಿದ್ದುದು ಇನ್ನೊಂದು. ಆಪರೇಷನ್ ಆದ ರೋಗಿಗಳು ಹೇಗೋ ನಿದ್ದೆ ಹೋದರೆ ಸಾಕು, ಅವನು ಹಾಜರು. ಹೊದಿಕೆ ಸರಿಸುವುದು, ಪಾದ ಚಿವುಟುವುದು, ಬೆರಳು ಎತ್ತಿ, ಇಳಿಸಿ, ಮತ್ತೆ ಎತ್ತಿ ಎಂದು ಎಬ್ಬಿಸುವುದು. ಕಿರಿಯ ವೈದ್ಯರಿಗೂ ಬಿಡುತ್ತಿರಲಿಲ್ಲ, ತಾನೇ ಬರುತ್ತಿದ್ದ.

ನನ್ನ ತಪ್ಪು ಹುಡುಕೋಕೆ ಬರ್ತಾನೆ... ಬೇರೇನಿಲ್ಲ.

ಹೀಗೆಯೇ ದಿನ ದೂಡುತ್ತಿರುವಾಗ ಮನೆಯಲ್ಲಿ ಅಪ್ಪನ ಕಾಲು ಎಳೆಯತೊಡಗಿತು.

ಅಪ್ಪ ಲಾರಿ ಡ್ರೈವರ್. ಅಮ್ಮ ಹೋದ ಮೇಲೆ ಮಗಳನ್ನು ಕ್ಯಾಬಿನ್ನಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಊರೂರು ಸುತ್ತಿ ಬೆಳೆಸಿದವನು. ಅವಳು ಮಗ್ಗಿ ಕಲಿತದ್ದು ಮೈಲಿಗಲ್ಲು ನೋಡಿಕೊಂಡು. ವರ್ಷಗಟ್ಟಲೆ ಸೀಟಿನ ಕುಲುಕಾಟಕ್ಕೆ ಅಪ್ಪನ ಸೊಂಟದ ಮೂಳೆ ಸವೆದು, ನರ ಹಾಯುವ ದಾರಿ ಕಿರಿದಾಗಿತ್ತು. ಎಡಗಾಲಿನ ಚಪ್ಪಲಿ ಜಾರಿದರೂ ಅವನಿಗೆ ತಿಳಿಯುತ್ತಿರಲಿಲ್ಲ. ಕೇಳಿದರೆ, ಹಳೇ ಗಾಡಿ ಕಣಮ್ಮ, ಒಂದು ಚಕ್ರ ಎಳೆಯುತ್ತೆ ಎಂದು ನಗುತ್ತಿದ್ದ.

ಆಪರೇಷನ್ ಆಗಲೇಬೇಕಿತ್ತು. ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುತ್ತೇನೆಂದು ಅವಳು ಎಲ್ಲ ಏರ್ಪಾಡು ಮಾಡಿದಳು. ಅಪ್ಪ ಅವಳಿಗೆ ಹೇಳದೆ ಕೇಳದೆ ಅವಳದೇ ಆಸ್ಪತ್ರೆಗೆ ಬಂದು, ಸಾಲಿನಲ್ಲಿ ಕುಳಿತು, ಗರಗಸನನ್ನು ಕಂಡು ಮಾತಾಡಿಸಿಕೊಂಡು ಹೋಗಿದ್ದ.

"ಅವನ ಹತ್ರಾನೇ ಮಾಡಿಸ್ಕೋತೀನಿ," ಎಂದ ಸಂಜೆ.

"ಯಾಕಪ್ಪಾ? ಅವನು ನಗೋದಿಲ್ಲ, ಮಾತಾಡೋದಿಲ್ಲ, ಮರ್ಯಾದೆ ಗೊತ್ತಿಲ್ಲ..."

"ಘಾಟಿ ಇಳಿಯುವಾಗ ನಗ್ತಾ ಮಾತಾಡೋ ಡ್ರೈವರ್ ಪಕ್ಕ ನೀನು ಕೂರ್ತೀಯಾ? ನಾನಂತೂ ಕೂರಲ್ಲ."

ಅಪ್ಪನ ಹಟ ಅವಳಿಗೆ ಹೊಸದಲ್ಲ. ಅವಳಿಗೆ ಬಂದದ್ದೂ ಅದೇ ಬಳುವಳಿ.

ಮಾರನೆಯ ದಿನ ಹಲ್ಲು ಕಚ್ಚಿಕೊಂಡು ಅವನ ಕೋಣೆಗೆ ಹೋದಳು. ಅವನು ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

"ನಿಮ್ಮ ತಂದೆಗೆ ನೀವು ಅರಿವಳಿಕೆ ಕೊಡೋ ಹಾಗಿಲ್ಲ," ಎಂದ ಅವನೇ ಮೊದಲು.

"ಗೊತ್ತು. ದೊಡ್ಡಮ್ಮ ಕೊಡ್ತಾರೆ. ಆದ್ರೆ ಆಮೇಲೆ ನಮ್ಮಪ್ಪ ದಿಂಬು ಕಚ್ಚಿಕೊಂಡು ಮಲಗೋದನ್ನ ನಾನು ನೋಡಲ್ಲ. ನನ್ನ ಅವಿಯಲೇ ಕೊಡಬೇಕು."

ಅವನ ತುಟಿಯ ಮೂಲೆ ಅಲುಗಿದಂತೆ ಕಂಡಿತು. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಬೆನ್ನುಮೂಳೆಯನ್ನು ಅವಳ ಕಡೆ ತಳ್ಳಿದ.

"ತೋರಿಸಿ. ಯಾವ ಮದ್ದು ಎಲ್ಲಿಗೆ ಹೋಗುತ್ತೆ?"

ಇದೇ ಮೊದಲ ಸಲ ಅವನು ಕೇಳಿದ್ದು. ಅವಳು ತೋರಿಸಿದಳು. ಮಾರ್ಫಿನ್ ಹೋಗುವುದು ಇಲ್ಲಿಗೆ, ಮೆದುಳಿಗೂ ಹುರಿಗೂ. ಕೀಟಮಿನ್ ಚೂರೇ ಚೂರು, ನೋವು ಕೂಗಿ ಕೂಗಿ ನರಗಳು ಕೆರಳದ ಹಾಗೆ. ಪ್ಯಾರಸಿಟಮಾಲ್ ಹೊತ್ತಿಗೆ ಸರಿಯಾಗಿ. ಮರಗಟ್ಟಿಸುವ ಮದ್ದು...

"ಅದು ಹುರಿಯ ಹತ್ರ ಬೇಡ," ಎಂದು ಅವನು ತಡೆದ.

"ಹುರಿಯ ಹತ್ರ ಅಲ್ಲ. ಇಲ್ಲಿ. ಬೆನ್ನಿನ ಮಾಂಸದ ಪದರದೊಳಗೆ. ಗಾಯ ಮುಚ್ಚೋ ಮುಂಚೆ ನೀವೇ ಹಾಕಿ, ನಿಮ್ಮ ಕೈಯಿಂದಾನೇ. ಬೆನ್ನು ಮಾತ್ರ ಮರಗಟ್ಟುತ್ತೆ."

"ಕಾಲಿಗೆ ಹೋಗಲ್ವಾ?"

"ಹೋಗಲ್ಲ."

"ಸ್ವಲ್ಪಾನೂ?"

"ಕಾಲು ಎಚ್ಚರವಾಗೇ ಇರುತ್ತೆ. ನೀವು ಚಿವುಟ್ಕೊಂಡು ಕೂರಬಹುದು."

ವಾದ ಬಹಳ ಹೊತ್ತು ನಡೆಯಿತು. ಒಂದೊಂದು ಮದ್ದಿಗೂ ಅವನು ವಕೀಲನಂತೆ ಪ್ರಶ್ನೆ ಹಾಕಿದ, ಅವಳು ಉತ್ತರ ಕೊಟ್ಟಳು. ಎರಡು ಕಡೆ ಅವಳು ಪ್ರಮಾಣ ತಗ್ಗಿಸಿದಳು. ಒಂದು ಕಡೆ ಅವನು ಸೋತ. ಕೊನೆಗೆ ಎದ್ದು ನಿಂತು, "ಒಪ್ಪಿದೆ. ಒಪ್ಪಿದೆ ಅಂದ್ರೆ ನಿಮ್ಮನ್ನ ನಂಬಿದೆ ಅಂತ ಅಲ್ಲ," ಎಂದ.

"ನಿಮ್ಮ ನಂಬಿಕೆ ಕೇಳೋಕೆ ಬಂದಿರಲಿಲ್ಲ," ಎಂದು ಅವಳು ಬಾಗಿಲು ದಾಟಿದಳು. ಅವಳ ಎದೆ ಡವಗುಟ್ಟುತ್ತಿತ್ತು. ಸಿಟ್ಟಿಗೇ ಎಂದುಕೊಂಡಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಎಚ್ಚರವಾದ ಅಪ್ಪ ಮೊದಲು ಕೇಳಿದ್ದು ಹಲ್ಲುಸೆಟ್ಟು. ಎಡಗಾಲಿಗೆ ಬಲ ಮರಳಿತ್ತು, ಎರಡೂ ಪಾದ ಚಂದವಾಗಿ ಮೇಲೇಳುತ್ತಿದ್ದವು. ಸಂಜೆಯ ಹೊತ್ತಿಗೆ ತಾನಾಗಿಯೇ ಮಗ್ಗುಲು ಬದಲಿಸಿದ. ಪಕ್ಕದ ಹಾಸಿಗೆಯವನಿಗೆ, ಬ್ರೇಕ್ ಫೇಲಾದ ಲಾರಿಯನ್ನು ಹುಲ್ಲಿನ ಬಣವೆಗೆ ನುಗ್ಗಿಸಿದ ಕಥೆ ಹೇಳಿ ನಗಿಸಿದ. ವಾಂತಿ ಇಲ್ಲ, ಮಂಪರು ಇಲ್ಲ. ಅವಳು ಗೆದ್ದಿದ್ದಳು. ಗರಗಸ ಬಂದಾಗ ಕಾಲ ಮೇಲೆ ಕಾಲು ಹಾಕಿ ಕುಳಿತು ಅವನ ಮುಖವನ್ನೇ ನೋಡಿದಳು, ಏನು ಹೇಳುತ್ತಾನೋ ಹೇಳಲಿ ಎಂದು. ಅವನು ಪಾದ ಚಿವುಟಿ, ಬೆರಳು ಎತ್ತಿಸಿ, ಹೊರಟುಹೋದ. ಮತ್ತೆ ಬಂದ. ಮತ್ತೆ ಮತ್ತೆ ಬಂದ.

ಮರುದಿನ ಮಧ್ಯಾಹ್ನ ಅಪ್ಪ ಊಟ ಮಾಡಿ ಮಲಗಿದ್ದ. ಬೆನ್ನು ಏನೋ ಬಿಗಿ ಬಿಗಿ ಅನಿಸುತ್ತಿದೆ ಎಂದಿದ್ದ, ಅಷ್ಟೇ. ಕಿಟಕಿಯ ಬಿಸಿಲು ಹೊದಿಕೆಯ ಮೇಲೆ ಬಿದ್ದಿತ್ತು. ಎಷ್ಟೋ ತಿಂಗಳ ಮೇಲೆ ಅಪ್ಪ ಹಣೆ ಗಂಟಿಕ್ಕದೆ ಮಲಗಿದ್ದನ್ನು ನೋಡುತ್ತ ಅವಳಿಗೆ ಕಣ್ಣು ತುಂಬಿ ಬಂದಿತ್ತು.

ಹೆಜ್ಜೆ ಸದ್ದಾಯಿತು. ಅವನೇ.

"ಈಗ ಬೇಡ," ಎಂದಳು ಪಿಸುದನಿಯಲ್ಲಿ.

ಅವನು ಹೊದಿಕೆಗೆ ಕೈ ಹಾಕಿದ. ಅವಳು ಅವನ ಕೈಯನ್ನು ತಳ್ಳಿದಳು. ಇಷ್ಟು ದಿನ ಅದುಮಿಟ್ಟದ್ದೆಲ್ಲ ಉಕ್ಕಿ ಬಂತು.

"ನೋವಿಲ್ಲದೆ ಮಲಗಿರೋ ರೋಗಿನ ಕಂಡ್ರೆ ನಿಮಗೆ ಸಹಿಸೋಕೇ ಆಗಲ್ಲ ಅಲ್ವಾ? ನಾನು ಸೋತಿದ್ದು ನೋಡೋವರೆಗೂ ನಿಮಗೆ ಸಮಾಧಾನ ಇಲ್ಲ. ಇಲ್ಲಿ ನಾನು ಡಾಕ್ಟರ್ ಅಲ್ಲ, ಮಗಳು. ಹೇಳ್ತಿದ್ದೀನಿ, ಹೊರಗೆ ಹೋಗಿ."

ಪಕ್ಕದ ಹಾಸಿಗೆಯವರೆಲ್ಲ ಇತ್ತ ತಿರುಗಿದರು. ಅವನ ಮುಖ ಬಿಳಿಚಿತು. ಆದರೆ ಅವನು ಕದಲಲಿಲ್ಲ. ಅವಳನ್ನು ಬಳಸಿಕೊಂಡು ಮಂಚದ ಆ ಬದಿಗೆ ಹೋಗಿ ಹೊದಿಕೆ ಸರಿಸಿದ.

"ಅಪ್ಪಾಜಿ, ಪಾದ ಮೇಲಕ್ಕೆತ್ತಿ."

ಅಪ್ಪ ಗೊಣಗುತ್ತ ಕಣ್ಣು ಬಿಟ್ಟ. ಎಡಪಾದ ಎದ್ದಿತು.

ಬಲಪಾದ ಏಳಲಿಲ್ಲ.

"ಇನ್ನೊಂದು ಸಲ."

ಅಪ್ಪನ ಹಣೆಯಲ್ಲಿ ಗೆರೆ ಮೂಡಿತು. ಪಾದ ಹಾಸಿಗೆಗೆ ಅಂಟಿದಂತೆ ಬಿದ್ದಿತ್ತು. ಯಾವ ತೊಂದರೆಯೂ ಇಲ್ಲದಿದ್ದ ಬಲಗಾಲು. ಬೆಳಿಗ್ಗೆ ತಾನೇ ಎದ್ದಿದ್ದ ಪಾದ.

ಅವಳು ತಾನೇ ಆ ಪಾದವನ್ನು ಮುಟ್ಟಿ ನೋಡಿದಳು.

ಅವನು ಅವಳ ಕಡೆ ತಿರುಗಿದ. ಸಿಟ್ಟಿರಲಿಲ್ಲ, ಸಿಸ್ಟರೂ ನಡುವೆ ಇರಲಿಲ್ಲ.

"ನಿಮ್ಮ ಮದ್ದು ಕಾಲಿಗೆ ಹೋಗಲ್ಲ ಅಂದಿದ್ರಿ. ಅದು ನಿಜಾನಾ?"

ಆ ಪ್ರಶ್ನೆಯ ತೂಕ ಅವಳಿಗೆ ಗೊತ್ತಿತ್ತು. ಮದ್ದಿನಿಂದ ಆಗಿದ್ದರೆ ಕಾದರೆ ಸಾಕು, ತಾನಾಗಿಯೇ ಇಳಿಯುತ್ತದೆ. ಮದ್ದಿನಿಂದ ಅಲ್ಲವೆಂದರೆ ಗಾಯದೊಳಗೆ ರಕ್ತ ಹೆಪ್ಪುಗಟ್ಟಿ ನರಗಳನ್ನು ಹಿಸುಕುತ್ತಿದೆ. ಕಾದಷ್ಟೂ ಕಾಲು ಕೈಬಿಟ್ಟು ಹೋಗುತ್ತದೆ. ತೆರೆಯಬೇಕು. ಈಗಲೇ. ಮದ್ದಿನ ಮೇಲೆ ತಪ್ಪು ಹಾಕಿ ಕಾಯುವುದು ಎಷ್ಟು ಸುಲಭವಾಗಿತ್ತು... ಅವಳ ಮನಸ್ಸು ಒಂದು ಕ್ಷಣ ಅದನ್ನೇ ಬೇಡಿತು. ಅಪ್ಪನ ಬೆನ್ನನ್ನು ಮತ್ತೆ ಸೀಳುವುದು ಬೇಡವೆಂದು.

"ನಿಜ," ಎಂದಳು. "ಮದ್ದಲ್ಲ. ಒಂದು ವೇಳೆ ಇದ್ದಿದ್ರೂ ಇಷ್ಟೊತ್ತಿಗೆ ಇಳಿದಿರ್ತಿತ್ತು. ಇದು ಬೇರೆ ಏನೋ."

"ಸ್ಕ್ಯಾನ್ ಮಾಡಿಸ್ತಾ ಕೂರಲ್ಲ ಹಾಗಾದ್ರೆ. ನಿಮ್ಮ ಮಾತಿನ ಮೇಲೆ ತೆರೀತೀನಿ. ಬನ್ನಿ."

"ನಾನಾ? ದೊಡ್ಡಮ್ಮ..."

"ಹೃದಯದ ಕೇಸಲ್ಲಿದ್ದಾರೆ. ಬೇರೆ ಯಾರೂ ಖಾಲಿ ಇಲ್ಲ." ಆಗಲೇ ಅವನು ಮಂಚದ ಬ್ರೇಕ್ ತೆಗೆದು ತಾನೇ ತಳ್ಳತೊಡಗಿದ್ದ. "ಇದ್ದಿದ್ರೂ ನಿಮ್ಮನ್ನೇ ಕರೀತಿದ್ದೆ."

ಅಪ್ಪ ಮಗಳ ಕೈ ಹಿಡಿದುಕೊಂಡ. "ನೀನೇ ಓಡ್ಸು. ಭಯ ಇಲ್ಲ ನನಗೆ," ಎಂದ.

ಅಪ್ಪನ ಮುಖಕ್ಕೆ ಮಾಸ್ಕ್ ಹಿಡಿದು ಅವಳೇ ನಿದ್ದೆ ಬರಿಸಿದಳು. ಅದು ಹೇಗೆ ಸಾಧ್ಯವಾಯಿತೆಂದು ಅವಳಿಗೆ ಇಂದಿಗೂ ತಿಳಿಯದು. ಹಸಿರು ಪರದೆಯ ಆಚೆಯಿಂದ ಅವನ ದನಿ ನೇರವಾಗಿ ಅವಳಿಗೇ ಬರುತ್ತಿತ್ತು. ಬಿಪಿ ಎಷ್ಟಿದೆ, ಇನ್ನು ಸ್ವಲ್ಪ ಹೊತ್ತು, ಹಿಡಿದುಕೊಂಡಿರಿ. ಅವಳೂ ನೇರವಾಗಿಯೇ ಉತ್ತರಿಸಿದಳು. ಸಿಸ್ಟರಿಗೆ ಅಂಚೆ ಕೆಲಸ ತಪ್ಪಿತ್ತು.

"ಸಿಕ್ತು," ಎಂದ ಅವನು.

ಕಪ್ಪು ಹೆಪ್ಪು. ಹೆಬ್ಬೆರಳಿನ ಗಾತ್ರದ್ದು.

ಅಪ್ಪ ಮತ್ತೆ ಕಣ್ಣು ಬಿಟ್ಟಾಗ ಇಬ್ಬರೂ ಮಂಚದ ಬುಡದಲ್ಲಿದ್ದರು. ಬಲಪಾದ ಪೂರ್ತಿ ಏಳಲಿಲ್ಲ. ಹೆಬ್ಬೆರಳು ಮಾತ್ರ ಒಮ್ಮೆ ನಡುಗಿ ಮೇಲಕ್ಕೆ ಬಂತು. ಅಷ್ಟು ಸಾಕಿತ್ತು. ಉಳಿದದ್ದು ದಿನಕಳೆದಂತೆ ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಅವಳು ಅವನ ಹಿಂದೆಯೇ ಕಾರಿಡಾರಿಗೆ ಓಡಿದಳು. ಏನು ಹೇಳಬೇಕೋ ತೋಚದೆ, ಆಗಲೇ ವಾರ್ಡಿನಲ್ಲಿ ನಾನು ಹಾಗೆ ಮಾತಾಡಬಾರದಿತ್ತು ಎಂದು ಶುರು ಮಾಡಿದಳು. ಅವನು ಕೈಯೆತ್ತಿ ತಡೆದ. ಅದೆಲ್ಲ ಬೇಡ ಎಂದ. ಗೋಡೆ ನೋಡುತ್ತ ಎಂದ, ಅವಳನ್ನು ನೋಡಲಿಲ್ಲ. ಹೋಗಿಬಿಟ್ಟ.

ಅಪ್ಪ ಚೇತರಿಸಿಕೊಂಡ. ಕೋಲು ಹಿಡಿದು ನಡೆದ, ಆಮೇಲೆ ಕೋಲು ಬಿಟ್ಟು ನಡೆದ. ಆ ದಿನಗಳಲ್ಲೆಲ್ಲ ಗರಗಸ ಬರುತ್ತಿದ್ದುದು ಅವಳು ಇಲ್ಲದ ಹೊತ್ತು ನೋಡಿಕೊಂಡು. ಅಪ್ಪನ ಜೊತೆ ಮಾತ್ರ ಕುರ್ಚಿ ಎಳೆದುಕೊಂಡು ಹರಟುತ್ತಿದ್ದನಂತೆ. ನಗುತ್ತಲೂ ಇದ್ದನಂತೆ!

ನನ್ನ ಮುಖ ನೋಡಿದ್ರೆ ಮಾತ್ರ ಆಗಲ್ಲ ಅವನಿಗೆ...

ಅವಳಿಗೆ ತಿಳಿಯದಂತೆಯೇ ಅವಳು ಕಾರಿಡಾರಿನಲ್ಲಿ ಒಂದು ಹೆಜ್ಜೆಯ ಸದ್ದಿಗೆ ಕಿವಿಗೊಡತೊಡಗಿದ್ದಳು. ಥಿಯೇಟರಿನಲ್ಲಿ ಪರದೆಯಾಚೆಯ ದನಿಗೆ ಕಾಯತೊಡಗಿದ್ದಳು. ಅಂಥ ಹೊತ್ತಿನಲ್ಲೇ ದೊಡ್ಡಮ್ಮ ಕರೆಸಿ, ಮುಂದಿನ ವಾರದಿಂದ ನೀನು ಮೂಳೆ ವಿಭಾಗಕ್ಕೆ ಹೋಗಬೇಡ, ಕಿವಿ ಮೂಗು ಗಂಟಲಿನ ಕಡೆ ಹೋಗು ಎಂದರು. ಅವಳು ಯಾಕೆಂದು ಕೇಳಿದಳು. ಅವನೇ ಬಂದು ಕೇಳಿಕೊಂಡ, ನಿನ್ನ ಜೊತೆ ಕೆಲಸ ಮಾಡುವುದು ಆಗುವುದಿಲ್ಲವಂತೆ ಎಂದರು. ಎಲ್ಲಿದ್ದಾನೆಂದು ಕೇಳಿದ್ದಕ್ಕೆ, ಸಂಜೆ ಹೊತ್ತು ಬಸ್ ಡಿಪೋ ಹಿಂದಿನ ಬ್ಯಾಡ್ಮಿಂಟನ್ ಕೋರ್ಟಿನಲ್ಲಿರುತ್ತಾನೆ ಎಂದು ಹೇಳಿ, ಕನ್ನಡಕದ ಮೇಲಿಂದ ಒಮ್ಮೆ ಅವಳನ್ನು ನೋಡಿದರು.

ಆಸ್ಪತ್ರೆಯಿಂದ ಕೋರ್ಟಿನವರೆಗೂ ಅವಳು ಬೈಗುಳ ಜೋಡಿಸಿಕೊಂಡೇ ನಡೆದಳು. ನನ್ನ ಮಾತು ನಂಬಿ ನನ್ನಪ್ಪನ ಬೆನ್ನು ತೆರೆದವನು... ಈಗ ನನ್ನ ಜೊತೆ ನಿಲ್ಲೋಕಾಗಲ್ಲವಂತೆ. ಇವನಿಗೇನು ಸೊಕ್ಕು!

ತಗಡಿನ ಎತ್ತರದ ಛಾವಣಿ. ಮರದ ನೆಲದ ಮೇಲೆ ಬೂಟುಗಳ ಕಿರಗುಟ್ಟುವಿಕೆ. ಅಂಕಣದ ಗೆರೆಯಾಚೆ ಗಾಲಿಕುರ್ಚಿಯಲ್ಲಿ ಕುಳಿತ ಹೆಂಗಸೊಬ್ಬರು, ನೆರೆತ ಕೂದಲು ಗಿಡ್ಡಗೆ ಕತ್ತರಿಸಿಕೊಂಡವರು, ಆಡುವವರ ಮೇಲೆ ಗುಡುಗುತ್ತಿದ್ದರು. ಕಾಲು ಇರೋದು ಓಡೋಕೆ, ನೆಲಕ್ಕೆ ಮೊಳೆ ಹೊಡೆಸ್ಕೊಂಡಿದ್ದೀಯಾ ಎನ್ನುತ್ತಿದ್ದರು. ಅವರ ಕಾಲುಗಳು ಮಾತ್ರ ಪಾದಪಟ್ಟಿಯ ಮೇಲೆ ಸುಮ್ಮನೆ ಒರಗಿದ್ದವು.

ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾರನ್ನ ಹೊಡೆಯೋಕೆ ಬಂದಿದ್ದೀಯಮ್ಮ?" ಎಂದರು.

ಅವಳು ಅವನ ಹುದ್ದೆ ಹೇಳಿದಳು.

"ನನ್ನ ಮಗ. ಶಟಲ್ ತರೋಕೆ ಹೋಗಿದ್ದಾನೆ." ಕಣ್ಣು ಅಗಲವಾದವು. "ಓಹೋ... ಆ ಜಗಳಗಂಟಿ ನೀನೇನಾ? ಅವಿಯಲ್ ಡಾಕ್ಟರು?"

ಅವಳು ಪೆಚ್ಚಾದಳು. ಮನೆಯಲ್ಲಿ ಅವಳ ಸುದ್ದಿ ಆಡುತ್ತಿದ್ದಾನೆಯೆ?

ಅವನ ತಾಯಿ ಪಕ್ಕದ ಬೆಂಚು ತೋರಿಸಿ ಕೂರಿಸಿಕೊಂಡರು. ಕೇಳದೆಯೇ ಹೇಳಿದರು. ತಾವೂ ಒಂದು ಕಾಲಕ್ಕೆ ಆಡುತ್ತಿದ್ದುದು, ಬೆನ್ನು ಹಿಡಿದುಕೊಂಡದ್ದು, ಮಗ ಇನ್ನೂ ವೈದ್ಯಕೀಯ ಓದುತ್ತಿದ್ದಾಗ ದೂರದೂರಿನಲ್ಲಿ ಆಪರೇಷನ್ ಆದದ್ದು. ಬೆನ್ನಿಗೆ ಇಳಿಬಿಟ್ಟ ಅಂಥದೇ ಕೊಳವೆಯಲ್ಲಿ ಮರಗಟ್ಟಿಸುವ ಮದ್ದು ಬಿಟ್ಟಿದ್ದರಂತೆ. ಒಂದಿಷ್ಟೂ ನೋವಿಲ್ಲದೆ ಖುಷಿಯಾಗಿ ಮಲಗಿದ್ದರಂತೆ. ಕಾಲು ಅಲುಗುವುದಿಲ್ಲ ಎಂದಾಗ ಮದ್ದಿನಿಂದ ಮರಗಟ್ಟಿದೆ, ಇಳಿಯುತ್ತದೆ ಎಂದರಂತೆ ಎಲ್ಲರೂ. ಪಕ್ಕದಲ್ಲಿ ಕುಳಿತಿದ್ದ ಮಗನೂ ಅದನ್ನೇ ನಂಬಿ ಹಣೆ ಸವರುತ್ತಿದ್ದನಂತೆ. ಒಳಗೆ ಹೆಪ್ಪುಗಟ್ಟಿದ್ದು ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು.

"ನನಗೆ ಹೋಗಿದ್ದು ಕಾಲು," ಎಂದರು ತಾಯಿ. "ಇವನಿಗೆ ಅವತ್ತಿಂದ ನಿದ್ದೇನೇ ಹೋಗಿದೆ. ನನಗೆ ತಲೆನೋವಿಗೆ ಮಾತ್ರೆ ಕೊಡಬೇಕಾದ್ರೂ ಮೊದಲು ಕೈಕಾಲು ಮುಟ್ಟಿ ನೋಡ್ತಾನೆ."

ಅವನು ಚಿವುಟಿದ ಪಾದಗಳೆಲ್ಲ ಅವಳ ಕಣ್ಣ ಮುಂದೆ ಬಂದವು. ಅವನು ಹುಡುಕುತ್ತಿದ್ದುದು ಅವಳ ತಪ್ಪನ್ನಲ್ಲ... ನೋವು ಹೋಯಿತೆಂದು ಎಲ್ಲರೂ ನಿಶ್ಚಿಂತೆಯಿಂದ ಇರುವ ಹೊತ್ತಿನಲ್ಲಿ ಒಬ್ಬನೇ ಭಯಪಟ್ಟುಕೊಂಡು ಎಚ್ಚರವಿರುತ್ತಿದ್ದ.

ಶಟಲ್ ಡಬ್ಬಿ ಹಿಡಿದು ಅವನು ಬಾಗಿಲಲ್ಲಿ ನಿಂತಿದ್ದ. ತಾಯಿ, ಈ ಸದ್ದಿನಲ್ಲಿ ನಿಮ್ಮ ಜಗಳ ಸರಿಯಾಗಿ ಕೇಳಿಸಲ್ಲ, ಹೊರಗೆ ಹೋಗಿ ಆಡ್ಕೊಳ್ಳಿ ಎಂದು ಇಬ್ಬರನ್ನೂ ಅಟ್ಟಿದರು.

ಹೊರಗೆ ಗೋಡೆಗುಂಟ ಸಿಮೆಂಟಿನ ಕಟ್ಟೆ. ಆಚೆ ಡಿಪೋಗೆ ಬಸ್ಸುಗಳು ಒಂದೊಂದಾಗಿ ಮರಳುತ್ತಿದ್ದವು. ಅವನು ಕುಳಿತ, ಅವಳು ನಿಂತೇ ಇದ್ದಳು.

"ಕಾರಣ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು. "ಇಷ್ಟು ತಿಂಗಳು ನಿಮ್ಮನ್ನ ಎಷ್ಟು ದ್ವೇಷ ಮಾಡಿದ್ದೀನಿ ಗೊತ್ತಾ?"

"ಗೊತ್ತು. ಮುಖದ ಮೇಲೇ ಬರ್ದಿರುತ್ತೆ."

"ಈಗ ನನ್ನನ್ನ ನಿಮ್ಮ ಥಿಯೇಟರಿಂದ ತೆಗೆಸಿದ್ರಲ್ಲ, ಅದಕ್ಕೇನು ಕಾರಣ? ಅದನ್ನಾದ್ರೂ ಬಾಯಿಬಿಟ್ಟು ಹೇಳಿ."

ಅವನು ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕುಳಿತ.

"ಅವತ್ತು ನಿಮ್ಮಪ್ಪನ ಬೆನ್ನು ತೆರೆಯುವಾಗ... ನನಗೆ ಭಯ ಆಯ್ತು. ರೋಗಿಗೆ ಏನಾಗುತ್ತೋ ಅನ್ನೋ ಭಯ ನನಗೆ ಹಳೇದು, ಅದನ್ನ ಇಟ್ಕೊಂಡೇ ಕೆಲಸ ಮಾಡ್ತೀನಿ. ಆದ್ರೆ ಅವತ್ತು, ಇದು ಕೆಟ್ರೆ ಪರದೆ ಆಚೆ ನಿಂತಿರೋಳ ಮುಖ ಹೇಗೆ ನೋಡ್ಲಿ ಅನ್ನಿಸ್ತು. ಚಾಕು ಕೈಯಲ್ಲಿರುವಾಗ ಹಾಗೆಲ್ಲ ಅನ್ನಿಸಬಾರದು. ಆಮೇಲಿಂದ ದಿನಾ ಅನ್ನಿಸ್ತಿದೆ. ನೀವು ಮಾತಾಡ್ದೇ ಇದ್ರೆ ಯಾಕೆ ಮಾತಾಡಲಿಲ್ಲ ಅಂತ, ಬೈದ್ರೆ... ಇನ್ನೂ ಸ್ವಲ್ಪ ಬೈಲಿ ಅಂತ." ಅವನು ತಲೆ ಎತ್ತಿದ. "ನಿಮ್ಮ ಮೇಲೆ ಮನಸ್ಸಾಗಿದೆ ನನಗೆ. ಅದಕ್ಕೇ ತೆಗೆಸಿದ್ದು."

ಒಂದು ಬಸ್ಸು ತಿರುವಿನಲ್ಲಿ ಹಾರ್ನ್ ಮಾಡಿತು. ಅವಳು ಜೋಡಿಸಿ ತಂದಿದ್ದ ಬೈಗುಳಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಕಣ್ಣಲ್ಲಿ ನೀರು ಬಂತು, ಅದಕ್ಕೂ ಸಿಟ್ಟು ಬಂತು.

"ದೊಡ್ಡಮ್ಮನಿಗೆ ನಾಳೆ ಬೆಳಿಗ್ಗೆ ಹೇಳಿ," ಎಂದಳು. "ನಿಮ್ಮ ಕೇಸಿಗೆ ನಾನೇ ಇರ್ತೀನಿ ಅಂತ. ನೀವು ತೆರೆಯೋ ಬೆನ್ನಿಗೆ ನನ್ನ ಮದ್ದು ಬೇಕು, ನಾನು ಮದ್ದು ಕೊಟ್ಟ ರೋಗಿಗೆ ನಿಮ್ಮ ಕಣ್ಣು ಬೇಕು. ನನ್ನ ಮುಖ ನೋಡೋ ಆಸೆ ಇದ್ರೆ ಕೆಲಸ ಮುಗಿಸಿ ಹೊರಗೆ ಬಂದು ನೋಡಿ. ನಾನೇನು ಓಡಿ ಹೋಗ್ತೀನಾ?"

ಅವನಿಗೆ ಅದು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನಕ್ಕ. ಅವಳು ಅದನ್ನು ನೋಡಿದ್ದು ಅದೇ ಮೊದಲು. ಅಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲ.

"ನನ್ನನ್ನ ಸಹಿಸ್ಕೊಳ್ಳೋದು ಕಷ್ಟ," ಎಂದ.

"ಸಹಿಸ್ಕೊಳ್ಳೋ ಅಭ್ಯಾಸ ನನಗಿಲ್ಲ. ಎದುರು ಮಾತಾಡ್ತೀನಿ."

"ಎಷ್ಟು ದಿನ?"

"ನೀವು ಎಷ್ಟು ದಿನ ಕೇಳ್ತೀರೋ ಅಷ್ಟು ದಿನ."

ಅವನು ಶಟಲ್ ಡಬ್ಬಿಯನ್ನು ನೆಲಕ್ಕಿಟ್ಟು, ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ.

"ಕೂತ್ಕೊಂಡು ಬೈಯಿರಿ," ಎಂದ. "ತುಂಬಾ ಹೊತ್ತು ಆಗುತ್ತೆ."

ಅವಳು ಕುಳಿತಳು.